ಆಕ್ಸ್‌ಫರ್ಡಿನ ಸ್ಲೇಡ್ ಉಪನ್ಯಾಸಗಳು: ತುಂಬಿದ ಸಭಾಂಗಣ, ಬರಿದಾದ ಚಿತ್ರಶಾಲೆ

ವಿಶ್ವವಿದ್ಯಾಲಯವೊಂದು ಕಲೆ ಮತ್ತು ಸಮಾಜವನ್ನು ಕುರಿತು ಸಾರ್ವಜನಿಕ ಉಪನ್ಯಾಸ ಏರ್ಪಡಿಸಿದಾಗ ಅದರ ಸಾಫಲ್ಯವನ್ನು ಸಾಮಾನ್ಯವಾಗಿ ನೆರೆದ ಜನರ ಸಂಖ್ಯೆಯಿಂದ ಅಳೆಯಲಾಗುತ್ತದೆ. ಸಭಾಂಗಣ ತುಂಬಿದರೆ ಕಾರ್ಯಕ್ರಮ ಯಶಸ್ವಿ, ಕುರ್ಚಿಗಳು ಖಾಲಿ ಉಳಿದರೆ ವಿಫಲ ಎಂಬುದು ಆಡಳಿತಗಾರರ ಲೆಕ್ಕ. ಈ ಲೆಕ್ಕ ಎಷ್ಟು ನಂಬಲರ್ಹ ಎಂದು ಪರೀಕ್ಷಿಸಬೇಕಾದರೆ, ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1870ರಿಂದ 1885ರ ನಡುವೆ ಕಲಾವಿಮರ್ಶಕ ಜಾನ್ ರಸ್ಕಿನ್ ಅವರು ಎರಡು ಅವಧಿಗಳಲ್ಲಿ ನೀಡಿದ ಉಪನ್ಯಾಸಗಳ ಪ್ರಕರಣವನ್ನು ಗಮನವಿಟ್ಟು ನೋಡಬೇಕು. ಅಲ್ಲಿ ಜನ ಕಿಕ್ಕಿರಿದು ಬಂದರು, ಪತ್ರಿಕೆಗಳು ವರದಿ ಮಾಡಿದವು, ಮಾತುಗಳು ಪುಸ್ತಕಗಳಾಗಿ ದೇಶಾಂತರ ಹೋದವು. ಆದರೆ ಉಪನ್ಯಾಸಕಾರರು ಯಾವುದನ್ನು ತಮ್ಮ ನಿಜವಾದ ಕೆಲಸವೆಂದು ಭಾವಿಸಿದ್ದರೋ ಆ ಕೆಲಸಕ್ಕೆ ಮಾತ್ರ ಬೆರಳೆಣಿಕೆಯಷ್ಟು ಜನ ಬಂದರು. ಕೇಳುವುದಕ್ಕೆ ಬಂದವರು ಮಾಡುವುದಕ್ಕೆ ಏಕೆ ಬರಲಿಲ್ಲ, ಮತ್ತು ಮಾಡಲು ಬಂದ ಕೆಲವೇ ಮಂದಿಯಿಂದ ಏನಾಯಿತು ಎಂಬುದೇ ಈ ಅಧ್ಯಯನದ ವಿಷಯ.

ಪೀಠದ ಹುಟ್ಟು

ಫೆಲಿಕ್ಸ್ ಸ್ಲೇಡ್ ಎಂಬವರು ಗಾಜಿನ ಪಾತ್ರೆಗಳು, ಅಪರೂಪದ ಪುಸ್ತಕಗಳು ಮತ್ತು ಮುದ್ರಿತ ಚಿತ್ರಗಳನ್ನು ಸಂಗ್ರಹಿಸುತ್ತಿದ್ದ ಶ್ರೀಮಂತರು. 1868ರಲ್ಲಿ ಅವರು ತೀರಿಕೊಂಡಾಗ ಅವರ ಉಯಿಲಿನಲ್ಲಿ ಲಲಿತಕಲೆಯ ಪ್ರಾಧ್ಯಾಪಕ ಪೀಠಗಳಿಗಾಗಿ 35,000 ಪೌಂಡುಗಳನ್ನು ಮೀಸಲಿಟ್ಟಿದ್ದುದು ತಿಳಿದುಬಂದಿತು. ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಲಂಡನ್ನಿನ ಯೂನಿವರ್ಸಿಟಿ ಕಾಲೇಜು, ಈ ಮೂರು ಕಡೆ ಪೀಠಗಳಾಗಬೇಕಿತ್ತು. ಲಂಡನ್ನಿನವರು ಈ ಹಣದ ಜೊತೆಗೆ ಬಂದ ಆರು ವಿದ್ಯಾರ್ಥಿವೇತನಗಳನ್ನೂ ಬಳಸಿಕೊಂಡು 1871ರಲ್ಲಿ ಕೈಯಿಂದ ಚಿತ್ರ ಬರೆಯುವುದನ್ನು ಕಲಿಸುವ ಶಾಲೆಯನ್ನೇ ತೆರೆದರು. ಎಡ್ವರ್ಡ್ ಪಾಯಿಂಟರ್ ಅದರ ಮೊದಲ ಪ್ರಾಧ್ಯಾಪಕರಾದರು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳು ಪೀಠವನ್ನು ಉಪನ್ಯಾಸದ ಪೀಠವೆಂದೇ ಗ್ರಹಿಸಿದವು. ಆಕ್ಸ್‌ಫರ್ಡಿನ ನಿಯಮದ ಪ್ರಕಾರ ಪ್ರಾಧ್ಯಾಪಕರು ವರ್ಷಕ್ಕೆ 12 ಉಪನ್ಯಾಸಗಳನ್ನು ಕೊಡಬೇಕು ಮತ್ತು ಮೂರು ವರ್ಷಗಳಿಗೊಮ್ಮೆ ಮರುಆಯ್ಕೆಯಾಗಬೇಕು. ಉಪನ್ಯಾಸ ಕೇಳಿದವರು ಯಾವ ಪರೀಕ್ಷೆಯನ್ನೂ ಬರೆಯಬೇಕಾಗಿರಲಿಲ್ಲ. ಪದವಿಗೆ ಬೇಕಾದ ವಿಷಯಗಳ ಪೈಕಿ ಚಿತ್ರಕಲೆ ಇರಲೇ ಇಲ್ಲ. ಈ ಒಂದು ಸಣ್ಣ ಆಡಳಿತಾತ್ಮಕ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಬಹಳಷ್ಟು ವಿದ್ಯಮಾನಗಳು ಇದರಿಂದಲೇ ಹುಟ್ಟಿದವು.

1869ರ ಆಗಸ್ಟ್‌ನಲ್ಲಿ ರಸ್ಕಿನ್ ಆಯ್ಕೆಯಾದಾಗ ಅವರಿಗೆ 50 ವರ್ಷ. ಮದ್ಯವ್ಯಾಪಾರಿಯ ಒಬ್ಬನೇ ಮಗನಾಗಿ, ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲೇ ಓದಿದ ಅವರು ಆ ವೇಳೆಗಾಗಲೇ ಇಂಗ್ಲಿಷ್ ಭಾಷೆಯ ಅತ್ಯಂತ ಹೆಸರಾಂತ ಕಲಾವಿಮರ್ಶಕರಾಗಿದ್ದರು. 1861ರಲ್ಲಿ ತಮ್ಮ ಸಂಗ್ರಹದಿಂದ ಇಂಗ್ಲಿಷ್ ಭೂದೃಶ್ಯ ಚಿತ್ರಕಾರ ಟರ್ನರ್ ಅವರ ಹಲವು ಚಿತ್ರಗಳನ್ನು ಎರಡೂ ಹಳೆಯ ವಿಶ್ವವಿದ್ಯಾಲಯಗಳಿಗೆ ದಾನ ಮಾಡಿದ್ದರು. ಆದರೆ ಅವರ ಬದುಕಿನಲ್ಲಿ ಈ ಪೀಠಕ್ಕೆ ಹೆಚ್ಚು ಸಂಬಂಧಪಟ್ಟ ಘಟನೆ ಬೇರೊಂದಿದೆ. 1860ರಲ್ಲಿ ಅವರು ಕಾರ್ನ್‌ಹಿಲ್ ಮಾಸಿಕಕ್ಕೆ ಅರ್ಥಶಾಸ್ತ್ರವನ್ನು ಖಂಡಿಸುವ ಲೇಖನಮಾಲೆಯೊಂದನ್ನು ಆರಂಭಿಸಿದ್ದರು. ಕೂಲಿಯ ದರ ಬೇಡಿಕೆ ಪೂರೈಕೆಗಳಿಂದ ಮಾತ್ರ ನಿರ್ಧಾರವಾಗಬೇಕೆಂಬ ವಾದ ಅನೈತಿಕವೆಂದು ಅವುಗಳಲ್ಲಿ ಹೇಳಿದ್ದರು. ಓದುಗರ ಆಕ್ಷೇಪಣೆ ಹೆಚ್ಚಾದ್ದರಿಂದ ಸಂಪಾದಕ ಥ್ಯಾಕರೆ ನಾಲ್ಕು ಲೇಖನಗಳಿಗೇ ಮಾಲೆಯನ್ನು ನಿಲ್ಲಿಸಿದರು. (ಮುಂದೆ 1904ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ಗಾಂಧೀಜಿ ಒಂದೇ ರಾತ್ರಿಯಲ್ಲಿ ಓದಿ ಮುಗಿಸಿ, ಬಳಿಕ ಗುಜರಾತಿಯಲ್ಲಿ ‘ಸರ್ವೋದಯ’ ಎಂದು ಸಾರಾಂಶಗೊಳಿಸಿದ್ದು ಇವೇ ನಾಲ್ಕು ಲೇಖನಗಳನ್ನು.) ಪತ್ರಿಕೆಗೆ ಸಂಪಾದಕರಿರುತ್ತಾರೆ, ಚಂದಾದಾರರಿರುತ್ತಾರೆ, ವಿಶ್ವವಿದ್ಯಾಲಯದ ಉಪನ್ಯಾಸ ಪೀಠಕ್ಕೆ ಆ ಇಬ್ಬರೂ ಇಲ್ಲ. ಹತ್ತು ವರ್ಷಗಳ ಹಿಂದೆ ಅಚ್ಚಿನಲ್ಲಿ ಅರ್ಧಕ್ಕೆ ನಿಂತಿದ್ದ ಮಾತು ಈಗ ಯಾರೂ ತಡೆಯಲಾರದ ವೇದಿಕೆಯೊಂದಕ್ಕೆ ಏರಿತು.

1870ರ ಫೆಬ್ರವರಿ 8

ಮೊದಲ ಉಪನ್ಯಾಸ ರಸ್ಕಿನ್ ಅವರ ಹುಟ್ಟುಹಬ್ಬದಂದೇ ನಡೆಯಿತು. ವಿಶ್ವವಿದ್ಯಾಲಯದ ವಿಜ್ಞಾನ ವಸ್ತುಸಂಗ್ರಹಾಲಯದ ಉಪನ್ಯಾಸ ಕೊಠಡಿಯನ್ನು ಅದಕ್ಕಾಗಿ ಗೊತ್ತುಮಾಡಲಾಗಿತ್ತು. ಹೊತ್ತಿಗೆ ಬಹಳ ಮುಂಚೆಯೇ ಅಲ್ಲಿ ನಿಲ್ಲಲೂ ಜಾಗವಿಲ್ಲದಷ್ಟು ಜನ ಸೇರಿದ್ದರಿಂದ, ವೈದ್ಯಶಾಸ್ತ್ರದ ಪ್ರಾಧ್ಯಾಪಕರೂ ರಸ್ಕಿನ್ ಅವರ ಹಳೆಯ ಸ್ನೇಹಿತರೂ ಆದ ಹೆನ್ರಿ ಆಕ್‌ಲಂಡ್ ಎದ್ದು ನಿಂತು, ಎಲ್ಲರೂ ಷೆಲ್ಡೋನಿಯನ್ ಥಿಯೇಟರಿಗೆ ಹೋಗೋಣವೆಂದು ಕೇಳಿಕೊಂಡರು. ಕ್ರಿಸ್ಟೊಫರ್ ರೆನ್ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ, ಪದವಿ ಪ್ರದಾನದಂಥ ಸಮಾರಂಭಗಳಿಗೆಂದೇ ಇರುವ ಆ ಭವನಕ್ಕೆ ಜನ ಗುಂಪುಗುಂಪಾಗಿ ನಡೆದು ಹೋದರು. ಸಂಖ್ಯೆಯನ್ನೇ ಅಳತೆಯೆಂದು ಒಪ್ಪಿಕೊಂಡರೆ ಪೀಠದ ಯಶಸ್ಸು ಆ ದಿನವೇ ಸಾಬೀತಾಯಿತು.

ಆ ಮಾಲೆಯಲ್ಲಿ ಏಳು ಉಪನ್ಯಾಸಗಳಿದ್ದವು. ಪೀಠಿಕೆಯ ನಂತರ ಕಲೆಗೂ ಧರ್ಮಕ್ಕೂ, ಕಲೆಗೂ ನೀತಿಗೂ, ಕಲೆಗೂ ಉಪಯೋಗಕ್ಕೂ ಇರುವ ಸಂಬಂಧವನ್ನು ಕುರಿತ ಮೂರು; ಆಮೇಲೆ ರೇಖೆ, ಬೆಳಕು, ಬಣ್ಣ ಎಂಬ ಮೂರು. ಈ ಜೋಡಣೆಯೇ ಬಹಳ ಅರ್ಥಪೂರ್ಣ. ಒಂದು ದೇಶದ ಕಲೆ ಆ ದೇಶದ ಸಾಮಾಜಿಕ ಮತ್ತು ರಾಜಕೀಯ ಸದ್ಗುಣಗಳನ್ನು ಹೊರಗೆಡಹುತ್ತದೆ ಎಂಬುದು ರಸ್ಕಿನ್ ಅವರ ಮೂಲ ಪ್ರತಿಪಾದನೆ. ಕೊಳಕು ಕೇರಿಗಳಲ್ಲಿ ಜನ ಬದುಕುತ್ತಿರುವಾಗ, ಹೊಳೆಗಳು ಕಾರ್ಖಾನೆಯ ಕೊಚ್ಚೆಯಾಗಿರುವಾಗ, ಒಳ್ಳೆಯ ಚಿತ್ರ ಬರೆಯುವುದು ಸಾಧ್ಯವಿಲ್ಲವೆಂದು ಅವರು ನಂಬಿದ್ದರು. ಅದೇ ಉಸಿರಿನಲ್ಲಿ, ಈ ಸಂಬಂಧವನ್ನು ಅರಿಯಬೇಕಾದರೆ ಪೆನ್ಸಿಲ್ ಹಿಡಿದು ಒಂದು ಎಲೆಯನ್ನೋ ಗರಿಯನ್ನೋ ಸರಿಯಾಗಿ ಬರೆಯಲು ಕಲಿಯಬೇಕೆಂದೂ ಹೇಳಿದರು. ವಸ್ತುವನ್ನು ಇದ್ದಂತೆ ನೋಡಲಾರದವನು ಸಮಾಜವನ್ನೂ ಇದ್ದಂತೆ ನೋಡಲಾರ ಎಂಬುದು ಅವರ ಶಿಕ್ಷಣಕ್ರಮದ ತಳಹದಿ. ನೀತಿ ಮತ್ತು ರೇಖೆ ಎರಡನ್ನೂ ಒಂದೇ ಮಾಲೆಯಲ್ಲಿ ತರುವ ಧೈರ್ಯ ಅಂದಿನ ಯಾವ ವಿಶ್ವವಿದ್ಯಾಲಯದಲ್ಲೂ ಸಾಮಾನ್ಯವಾಗಿರಲಿಲ್ಲ, ಇಂದೂ ಅಪರೂಪವೇ.

ಆದರೆ ಅದೇ ಪೀಠಿಕಾ ಉಪನ್ಯಾಸದ ಕೊನೆಯಲ್ಲಿ ಇನ್ನೊಂದು ಭಾಗವಿದೆ. ಭಾರತೀಯ ಓದುಗರು ಅದನ್ನು ಬದಿಗಿಟ್ಟು ಮುಂದೆ ಹೋಗಲಾಗದು. ಇಂಗ್ಲೆಂಡು ತನ್ನ ಅತ್ಯುತ್ತಮ ಯುವಕರನ್ನು ಕಳಿಸಿ ಆದಷ್ಟು ಬೇಗ, ಆದಷ್ಟು ದೂರದವರೆಗೆ ವಸಾಹತುಗಳನ್ನು ಸ್ಥಾಪಿಸಬೇಕು, ಇಲ್ಲವಾದರೆ ನಾಶವಾಗುತ್ತದೆ ಎಂದು ಅಲ್ಲಿ ರಸ್ಕಿನ್ ಕರೆಕೊಟ್ಟಿದ್ದರು. ಕೂಲಿಕಾರನ ಘನತೆಯ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಯೋಚಿಸಿದ ವ್ಯಕ್ತಿಗೆ, ಇನ್ನೊಬ್ಬರ ನೆಲವನ್ನು ಆಕ್ರಮಿಸುವುದರಲ್ಲಿ ದೋಷ ಕಾಣಲಿಲ್ಲ. ಇದು ಹಠಾತ್ತನೆ ಬಂದ ಮಾತೂ ಅಲ್ಲ. 1857ರ ದಂಗೆಯ ಬೆನ್ನಲ್ಲೇ, 1858ರ ಜನವರಿಯಲ್ಲಿ ಲಂಡನ್ನಿನಲ್ಲಿ ಕೊಟ್ಟ ಉಪನ್ಯಾಸವೊಂದರಲ್ಲಿ, ಭಾರತೀಯರ ಅಲಂಕಾರಕಲೆ ಎಷ್ಟೇ ನಾಜೂಕಾಗಿದ್ದರೂ ನಿಸರ್ಗದ ಸತ್ಯವನ್ನು ನಿರಾಕರಿಸುತ್ತದೆಂದೂ ಆ ನಿರಾಕರಣೆಗೂ ಜನಾಂಗದ ಕ್ರೌರ್ಯಕ್ಕೂ ಸಂಬಂಧವಿದೆಯೆಂದೂ ಅವರು ವಾದಿಸಿದ್ದರು. ಕಲೆಯಿಂದ ಸಮಾಜದ ನೀತಿಯನ್ನು ಓದಬಹುದೆಂಬ ಸಿದ್ಧಾಂತ, ನೋಡದ ದೇಶದ ಮೇಲೆ, ಅರಿಯದ ಶಿಲ್ಪಪರಂಪರೆಯ ಮೇಲೆ ಪ್ರಯೋಗವಾದಾಗ ಎಂಥ ಅನ್ಯಾಯಕ್ಕೆ ಸಾಧನವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಕಾಣುವುದಿಲ್ಲ. ಷೆಲ್ಡೋನಿಯನ್ನಿನ ಆ ಸಭೆಯಲ್ಲಿ ಇದನ್ನು ಪ್ರಶ್ನಿಸುವ ಅವಕಾಶ ಯಾರಿಗೂ ಇರಲಿಲ್ಲ. ಉಪನ್ಯಾಸದ ಸ್ವರೂಪವೇ ಹಾಗಿತ್ತು: ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ಸಂಪಾದಕನಿಲ್ಲದ ವೇದಿಕೆಯ ಸ್ವಾತಂತ್ರ್ಯ ಎರಡೂ ಕಡೆ ಕೆಲಸ ಮಾಡಿತು. ಕೂಲಿಯ ಬಗೆಗಿನ ಸತ್ಯಕ್ಕೆ ಅದು ಎಡೆ ಕೊಟ್ಟಂತೆಯೇ ವಸಾಹತಿನ ಬಗೆಗಿನ ಸುಳ್ಳಿಗೂ ಕೊಟ್ಟಿತು.

ಮಾತಿನ ಪಕ್ಕದಲ್ಲಿ ಇಟ್ಟ ವಸ್ತುಗಳು

ಉಪನ್ಯಾಸ ಎಂದರೆ ಬರಿಯ ಮಾತಲ್ಲ, ಅದೊಂದು ಮಾಧ್ಯಮ ಎಂಬುದನ್ನು ರಸ್ಕಿನ್ ಚೆನ್ನಾಗಿ ಅರಿತಿದ್ದರು. ಪರದೆಯ ಮೇಲೆ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಮೂಡಿಸಿ ಹೋಲಿಸುವ ಪದ್ಧತಿ ತರಗತಿಗಳಲ್ಲಿ ಇನ್ನೂ ರೂಢಿಯಾಗಿರದ ಕಾಲವದು. ಅವರು ಮೂಲ ಚಿತ್ರಗಳನ್ನೇ ಸಭೆಗೆ ತರಿಸುತ್ತಿದ್ದರು. ದೂರದಲ್ಲಿ ಕೂತವರಿಗೂ ಕಾಣುವಂತೆ ಸಹಾಯಕರಿಂದ ದೊಡ್ಡದಾಗಿ ಬರೆಸಿದ ನಕಲುಗಳನ್ನು ತೂಗುಹಾಕಿಸುತ್ತಿದ್ದರು. ಬರೆದು ತಂದ ಪಾಠವನ್ನು ಸ್ವಲ್ಪ ಹೊತ್ತು ಓದಿ, ನಂತರ ಹಾಳೆಯನ್ನು ಬದಿಗಿಟ್ಟು ಎದುರಿಗಿದ್ದ ವಸ್ತುವನ್ನೇ ಕುರಿತು ಮಾತನಾಡತೊಡಗುತ್ತಿದ್ದರು.

ಅವರ ಸಭೆಯೊಂದರಲ್ಲಿ ನಡೆದ ಪ್ರಸಂಗವನ್ನು ಕೇಳುಗರು ದಾಖಲಿಸಿದ್ದಾರೆ. ಟರ್ನರ್ ಅವರು ಬರೆದ ಲೆಸ್ಟರ್ ಪಟ್ಟಣದ ಜಲವರ್ಣ ಚಿತ್ರವನ್ನು ಗಾಜಿನ ಚೌಕಟ್ಟಿನಲ್ಲಿ ಸಭೆಗೆ ತಂದು, ಆ ಗಾಜಿನ ಮೇಲೆ ರಸ್ಕಿನ್ ಕುಂಚದಿಂದ ಒಂದು ಕಬ್ಬಿಣದ ಸೇತುವೆಯನ್ನು ಬರೆದರು. ಬಣ್ಣದ ಕಾರ್ಖಾನೆಯಿಂದ ಹೊಳೆಗೆ ಹರಿದು ಬರುವ ನೀರಿನ ಬಣ್ಣ ಹಚ್ಚಿದರು. ಚಿಮಣಿಯ ಹೊಗೆಯಿಂದ ಆಕಾಶವನ್ನು ಮುಚ್ಚಿದರು. ಇಂದಿನ ಲೆಸ್ಟರ್ ಇದು ಎಂದು ತೋರಿಸಿ, ಗಾಜನ್ನು ಒರೆಸಿಬಿಟ್ಟರು. ಅಡಿಯಲ್ಲಿದ್ದ ಟರ್ನರ್ ಚಿತ್ರಕ್ಕೆ ಏನೂ ಆಗಿರಲಿಲ್ಲ. ಸಭೆ ಚಪ್ಪಾಳೆಯಿಂದ ತುಂಬಿತು. ಕಲೆ, ಕೈಗಾರಿಕೆ ಮತ್ತು ಸಮಾಜದ ನಂಟನ್ನು ಹೇಳುವುದಕ್ಕೆ ಹತ್ತು ಪುಟಗಳ ವಾದ ಬೇಕಾದ ಕಡೆ, ಕೆಲವೇ ನಿಮಿಷಗಳ ಈ ಪ್ರಯೋಗ ಸಾಕಾಯಿತು. ಇಂದು ದೃಶ್ಯ ಮಾಧ್ಯಮಗಳ ಬಗ್ಗೆ ಪಾಠ ಹೇಳುವವರು ಇದನ್ನು ಗಮನಿಸಬೇಕು: ಚಿತ್ರವನ್ನು ವಾದಕ್ಕೆ ಅಲಂಕಾರವಾಗಿ ಬಳಸದೆ, ಚಿತ್ರದ ಮೇಲೆಯೇ ವಾದವನ್ನು ನಡೆಸಿದ ಕ್ರಮ ಅದು.

1871ರಲ್ಲಿ ಕೊಟ್ಟ, ಇಟಲಿಯ ಹಳೆಯ ಕಲಾವಿದರಾದ ಮೈಕೆಲೆಂಜೆಲೊ ಮತ್ತು ಟಿಂಟೊರೆಟ್ಟೊ ಅವರನ್ನು ಹೋಲಿಸುವ ಉಪನ್ಯಾಸ ಇನ್ನೊಂದು ರೀತಿಯಲ್ಲಿ ಬೋಧಪ್ರದ. ಮೈಕೆಲೆಂಜೆಲೊ ಅವರ ರೇಖಾಚಿತ್ರಗಳ ದೊಡ್ಡ ಸಂಗ್ರಹ ವಿಶ್ವವಿದ್ಯಾಲಯದ ಚಿತ್ರಭವನದಲ್ಲೇ ಇತ್ತು. ಅದೇ ಸ್ಥಳದಲ್ಲಿ ನಿಂತು ರಸ್ಕಿನ್ ಅವರು, ಮೈಕೆಲೆಂಜೆಲೊ ದೇಹದ ಕಸರತ್ತನ್ನು ತೋರಿಸುವ ಹಂಬಲದಲ್ಲಿ ಮುಖದ ಭಾವವನ್ನು ಕಡೆಗಣಿಸಿದರೆಂದೂ ಯುರೋಪಿನ ಚಿತ್ರಕಲೆಯ ಅವನತಿಗೆ ಅವರು ಒಂದು ಕಾರಣವೆಂದೂ ಟೀಕಿಸಿದರು. ಚಿತ್ರಕಾರ ಬರ್ನ್-ಜೋನ್ಸ್ ಅವರಂಥ ಆಪ್ತ ಸ್ನೇಹಿತರಿಗೂ ಇದರಿಂದ ಬಹಳ ನೋವಾಯಿತು. ಲಂಡನ್ನಿನ ಸ್ಲೇಡ್ ಪ್ರಾಧ್ಯಾಪಕ ಪಾಯಿಂಟರ್ ವಿವರವಾದ ಪ್ರತ್ಯುತ್ತರವನ್ನೇ ಕೊಟ್ಟರು. ನನ್ನ ತೀರ್ಮಾನದಲ್ಲಿ ಈ ವಿಷಯದಲ್ಲಿ ಪಾಯಿಂಟರ್ ಕಡೆಯೇ ನ್ಯಾಯ ಹೆಚ್ಚಿದೆ. ಆದರೂ ಇಲ್ಲಿ ಉಪನ್ಯಾಸದ ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿತು. ಕೇಳಿದವರು ಅದೇ ಕಟ್ಟಡದಲ್ಲಿ ಮೂಲ ಚಿತ್ರಗಳನ್ನು ನೋಡಿ ರಸ್ಕಿನ್ ಹೇಳಿದ್ದು ಹೌದೋ ಅಲ್ಲವೋ ಎಂದು ತೀರ್ಮಾನಿಸಬಹುದಿತ್ತು, ಮತ್ತು ಅಷ್ಟೇ ಅಧಿಕಾರವುಳ್ಳ ಇನ್ನೊಂದು ಪೀಠದಿಂದ ಉತ್ತರ ಬಂದಿತು. ವಸಾಹತಿನ ಮಾತಿಗೆ ಈ ಎರಡರಲ್ಲಿ ಒಂದು ಸೌಕರ್ಯವೂ ಇರಲಿಲ್ಲ.

ಚಿತ್ರಶಾಲೆ ಏಕೆ ತುಂಬಲಿಲ್ಲ

ರಸ್ಕಿನ್ ಅವರಿಗೆ ಉಪನ್ಯಾಸ ಬಾಗಿಲು ಮಾತ್ರ. ಮನೆ ಇದ್ದದ್ದು ಚಿತ್ರಶಾಲೆಯಲ್ಲಿ. 1871ರಲ್ಲಿ ಅವರು ಈಗ ಆಶ್ಮೋಲಿಯನ್ ಎಂದು ಕರೆಯಲಾಗುವ ಚಿತ್ರಭವನದಲ್ಲಿ ಒಂದು ಚಿತ್ರಶಾಲೆಯನ್ನು ಸ್ಥಾಪಿಸಿ, ಅಲ್ಲಿ ಶಾಶ್ವತವಾಗಿ ಒಬ್ಬ ಶಿಕ್ಷಕರಿರಬೇಕೆಂದು ತಮ್ಮ ಸ್ವಂತ ಹಣದಿಂದ 5,000 ಪೌಂಡುಗಳ ನಿಧಿಯನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಅಲೆಕ್ಸಾಂಡರ್ ಮ್ಯಾಕ್‌ಡೊನಾಲ್ಡ್ ಮೊದಲ ಶಿಕ್ಷಕರಾದರು. ಸಾವಿರಕ್ಕೂ ಮೀರಿದ ಚಿತ್ರಗಳು, ಮುದ್ರಿತ ಪ್ರತಿಗಳು ಮತ್ತು ಛಾಯಾಚಿತ್ರಗಳನ್ನು ರಸ್ಕಿನ್ ಸಂಗ್ರಹಿಸಿ, ಅನುಕ್ರಮ ಸಂಖ್ಯೆ ಕೊಟ್ಟು, ಚೌಕಟ್ಟು ಹಾಕಿಸಿ, ಒಂದೊಂದಾಗಿ ಹೊರಗೆಳೆದು ಹತ್ತಿರದಿಂದ ನೋಡಬಹುದಾದ ಮರದ ಪೆಟ್ಟಿಗೆಗಳಲ್ಲಿ ಜೋಡಿಸಿದರು. ಅಭ್ಯಾಸದ ಆರಂಭಕ್ಕೆ ಒಂದು ಶ್ರೇಣಿ, ಮುಂದಿನ ಹಂತಕ್ಕೆ ಮತ್ತೊಂದು, ಆದರ್ಶವಾಗಿ ಇಟ್ಟುಕೊಳ್ಳಬೇಕಾದ ಕೃತಿಗಳಿಗೆ ಇನ್ನೊಂದು ಎಂದು ವಿಂಗಡಿಸಿದರು. ಟರ್ನರ್ ಚಿತ್ರದ ಪಕ್ಕದಲ್ಲೇ ಅವರೇ ಬರೆದ ಕಲ್ಲುಹೂವಿನ ಅಥವಾ ನವಿಲುಗರಿಯ ಅಧ್ಯಯನವಿರುತ್ತಿತ್ತು. ಕಲೆಯನ್ನು ಕಾಲಾನುಕ್ರಮದಲ್ಲಿ ಕಲಿಸದೆ, ಕಣ್ಣಿನ ಕಷ್ಟದ ಅನುಕ್ರಮದಲ್ಲಿ ಕಲಿಸುವ ಈ ಕ್ರಮ ಅವರ ಇಡೀ ಹದಿನೈದು ವರ್ಷಗಳ ಅತ್ಯಂತ ಸ್ವೋಪಜ್ಞ ಕೆಲಸವೆಂದು ನಾನು ಭಾವಿಸುತ್ತೇನೆ.

ಆದರೆ ಉಪನ್ಯಾಸಕ್ಕೆ ನೂರಾರು ಸಂಖ್ಯೆಯಲ್ಲಿ ಬಂದ ವಿದ್ಯಾರ್ಥಿಗಳು ಚಿತ್ರಶಾಲೆಗೆ ಬರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಆ ಊರಿನ ಮಹಿಳೆಯರು. ರಸ್ಕಿನ್ ಈ ಬಗ್ಗೆ ಮತ್ತೆ ಮತ್ತೆ ಕೊರಗಿದರು. ವಿದ್ಯಾರ್ಥಿಗಳ ಸೋಮಾರಿತನವನ್ನು ದೂರುವುದು ಸುಲಭ, ಆದರೆ ಕಾರಣಗಳು ವ್ಯವಸ್ಥೆಯಲ್ಲೇ ಇದ್ದವು. ಉಪನ್ಯಾಸ ಕೇಳಲು ಒಂದು ಗಂಟೆ ಸಾಕು. ಒಂದು ಗರಿಯನ್ನು ಸರಿಯಾಗಿ ಬರೆಯಲು ವಾರಗಳೇ ಬೇಕು. ಆ ವಾರಗಳಿಗೆ ಪದವಿ ಪರೀಕ್ಷೆಯಲ್ಲಿ ಯಾವ ಬೆಲೆಯೂ ಇರಲಿಲ್ಲ. ಗ್ರೀಕ್, ಲ್ಯಾಟಿನ್, ಗಣಿತಗಳ ಪರೀಕ್ಷೆ ತಲೆಯ ಮೇಲಿರುವ ಹುಡುಗನಿಗೆ ಪ್ರಾಧ್ಯಾಪಕರ ವಾಗ್ಮಿತೆಯನ್ನು ಆಸ್ವಾದಿಸಲು ಬಿಡುವು ಮಾಡಿಕೊಳ್ಳುವುದು ಸಾಧ್ಯವಿತ್ತು, ಕೈ ಪಳಗಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಇನ್ನೊಂದು ಕಾರಣ ಆ ವರ್ಗದ ಯುವಕರ ಭಾವನೆಯಲ್ಲಿತ್ತು: ಚಿತ್ರ ಬರೆಯುವುದು ಹೆಣ್ಣುಮಕ್ಕಳ ಹವ್ಯಾಸ ಅಥವಾ ಕುಶಲಕರ್ಮಿಯ ಜೀವನೋಪಾಯ, ದೊಡ್ಡ ಮನೆತನದ ಗಂಡಸಿಗೆ ಅದನ್ನು ಕುರಿತ ಅಭಿರುಚಿ ಇದ್ದರೆ ಸಾಕು. ಇದೇ ಸ್ಲೇಡ್ ಹಣದಿಂದ ಲಂಡನ್ನಿನಲ್ಲಿ ಆರಂಭವಾದ ಶಾಲೆ, ಮಹಿಳೆಯರನ್ನೂ ಮೊದಲಿನಿಂದಲೇ ಸೇರಿಸಿಕೊಂಡು, ವೃತ್ತಿಪರ ಕಲಾವಿದರನ್ನು ತಯಾರು ಮಾಡತೊಡಗಿತು. ಒಂದೇ ಉಯಿಲು, ಒಂದೇ ಕಾಲ. ಒಂದು ಕಡೆ ಕಲಿಕೆಯ ಸುತ್ತ ಉಪನ್ಯಾಸ, ಇನ್ನೊಂದು ಕಡೆ ಉಪನ್ಯಾಸದ ಅಂಚಿನಲ್ಲಿ ಕಲಿಕೆ.

ಊರಿನ ಮಹಿಳೆಯರ ವಿಷಯಕ್ಕೆ ಒಂದು ಮಾತು ಸೇರಿಸಬೇಕು. ಅವರೇ ಚಿತ್ರಶಾಲೆಯನ್ನು ಜೀವಂತವಾಗಿಟ್ಟವರು. ಆದರೂ ಉಪನ್ಯಾಸಗಳಿಗೆ ಮಹಿಳೆಯರು ಹೆಚ್ಚಾಗಿ ಬಂದು ವಿದ್ಯಾರ್ಥಿಗಳ ಜಾಗ ಆಕ್ರಮಿಸುತ್ತಾರೆಂದು ರಸ್ಕಿನ್ ಆಗಾಗ ಅಸಮಾಧಾನ ತೋರಿಸಿದ್ದುಂಟು. ತಮ್ಮ ನಿಜವಾದ ಶಿಷ್ಯವರ್ಗ ಯಾವುದೆಂದು ಅವರು ಗುರುತಿಸಲಿಲ್ಲ. ವಿಶ್ವವಿದ್ಯಾಲಯವಂತೂ ಮಹಿಳೆಯರನ್ನು ಸದಸ್ಯರೆಂದು ಒಪ್ಪುವ ಕಾಲ ಬರಲು ಇನ್ನೂ ಬಹಳ ವರ್ಷಗಳಿದ್ದವು.

ಹಿಂಕ್ಸಿ ರಸ್ತೆ

ಚಿತ್ರಶಾಲೆಗೆ ಬಾರದ ಯುವಕರನ್ನು 1874ರಲ್ಲಿ ರಸ್ಕಿನ್ ಇನ್ನೊಂದು ಕೆಲಸಕ್ಕೆ ಕರೆದರು. ಆಕ್ಸ್‌ಫರ್ಡಿನ ಹತ್ತಿರದ ಹಿಂಕ್ಸಿ ಎಂಬ ಹಳ್ಳಿಯಲ್ಲಿ ಗಾಡಿಗಳು ಹುಲ್ಲುಗಾವಲನ್ನು ತುಳಿದು ಕೆಸರು ಮಾಡುತ್ತಿದ್ದವು. ಅಲ್ಲಿ ಹಳ್ಳಿಯವರಿಗೊಂದು ರಸ್ತೆ ಮಾಡಿಕೊಡೋಣ, ದೋಣಿ ಹುಟ್ಟುಹಾಕುವುದರಲ್ಲೂ ಕ್ರಿಕೆಟ್ಟಿನಲ್ಲೂ ವ್ಯಯಿಸುವ ತೋಳ್ಬಲವನ್ನು ಯಾರಿಗಾದರೂ ಉಪಯೋಗವಾಗುವಂತೆ ಬಳಸೋಣ ಎಂಬುದು ಅವರ ಸೂಚನೆ. ಕಾರ್ಪಸ್ ಕ್ರಿಸ್ಟಿ ಕಾಲೇಜಿನ ತಮ್ಮ ಕೋಣೆಯಲ್ಲಿ ವಿದ್ಯಾರ್ಥಿಗಳಿಗೆ ಬೆಳಗಿನ ಉಪಾಹಾರ ಕೊಟ್ಟು ಚರ್ಚಿಸಿದರು. ಕೆಲಸದ ಉಸ್ತುವಾರಿಗೆ ತಮ್ಮ ಮನೆಯ ತೋಟಗಾರನನ್ನೇ ಕರೆಸಿದರು. ಗುದ್ದಲಿ ಹಿಡಿದವರಲ್ಲಿ ಆರ್ನಾಲ್ಡ್ ಟಾಯ್ನ್‌ಬಿ, ಆಲ್ಫ್ರೆಡ್ ಮಿಲ್ನರ್, ಹಾರ್ಡ್‌ವಿಕ್ ರಾನ್ಸ್‌ಲಿ ಇದ್ದರು; ಆ ವರ್ಷ ಮಾಗ್ಡಲೆನ್ ಕಾಲೇಜಿಗೆ ಸೇರಿದ್ದ ಆಸ್ಕರ್ ವೈಲ್ಡ್ ಕೂಡ ಇದ್ದರು.

ಇದಕ್ಕೆ ಮಾಧ್ಯಮಗಳು ತೋರಿದ ಪ್ರತಿಕ್ರಿಯೆ ನಾವು ಇಂದೂ ಕಾಣುವಂಥದ್ದೇ. ಉಪನ್ಯಾಸಗಳನ್ನು ಗೌರವದಿಂದ ವರದಿ ಮಾಡುತ್ತಿದ್ದ ಪತ್ರಿಕೆಗಳಿಗೆ, ಗುದ್ದಲಿ ಹಿಡಿದ ಶ್ರೀಮಂತರ ಮಕ್ಕಳು ನಗೆಪಾಟಲಿನ ವಸ್ತುವಾದರು. ಪಂಚ್ ಎಂಬ ಹಾಸ್ಯಪತ್ರಿಕೆ ವ್ಯಂಗ್ಯವಾಡಿತು. ಬೇರೆ ವಿದ್ಯಾರ್ಥಿಗಳು ದಡದಲ್ಲಿ ನಿಂತು ತಮಾಷೆ ನೋಡಲು ಬಂದರು. ರಸ್ತೆಯೂ ಚೆನ್ನಾಗಿ ಆಗಲಿಲ್ಲ. ಅನುಭವವಿಲ್ಲದ ಕೈಗಳಿಂದ ಒಳ್ಳೆಯ ರಸ್ತೆ ಆಗುವುದು ಸಾಧ್ಯವೂ ಇರಲಿಲ್ಲ. ಹಳ್ಳಿಯವರ ದೃಷ್ಟಿಯಿಂದ ನೋಡಿದರೆ, ಕೂಲಿಕಾರರಿಗೆ ದುಡ್ಡು ಕೊಟ್ಟು ಮಾಡಿಸಿದ್ದರೆ ಅವರಿಗೆ ಇನ್ನೂ ಹೆಚ್ಚಿನ ಪ್ರಯೋಜನವಾಗುತ್ತಿತ್ತೆಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಆದರೆ ಗುದ್ದಲಿ ಹಿಡಿದವರ ಮುಂದಿನ ಬದುಕನ್ನು ನೋಡಬೇಕು. ಟಾಯ್ನ್‌ಬಿ ಅರ್ಥಶಾಸ್ತ್ರದ ಅಧ್ಯಾಪಕರಾಗಿ, ಕೈಗಾರಿಕಾ ಕ್ರಾಂತಿಯ ಸಾಮಾಜಿಕ ಪರಿಣಾಮಗಳನ್ನು ಕುರಿತು ಕಾರ್ಮಿಕರ ಎದುರು ಮಾತನಾಡುತ್ತ 1883ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಪೂರ್ವ ಲಂಡನ್ನಿನ ವೈಟ್‌ಚಾಪೆಲ್ ಎಂಬ ಬಡಬಡಾವಣೆಯಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ 1884ರಲ್ಲಿ ಸ್ಥಾಪಿಸಿದ, ವಿಶ್ವವಿದ್ಯಾಲಯದ ಪದವೀಧರರು ಬಡವರ ನಡುವೆ ವಾಸಿಸಿ ಕಲಿಸುವ ಸಂಸ್ಥೆಗೆ ಟಾಯ್ನ್‌ಬಿ ಅವರ ಹೆಸರನ್ನೇ ಇಡಲಾಯಿತು. ಅದೇ ಬಾರ್ನೆಟ್ ದಂಪತಿಗಳು ಅಲ್ಲಿನ ಜನರಿಗಾಗಿ ನಡೆಸಿದ ಚಿತ್ರಪ್ರದರ್ಶನಗಳಿಂದ 1901ರಲ್ಲಿ ವೈಟ್‌ಚಾಪೆಲ್ ಕಲಾಭವನ ಹುಟ್ಟಿತು. ರಾನ್ಸ್‌ಲಿ 1895ರಲ್ಲಿ ಸುಂದರ ಹಾಗೂ ಐತಿಹಾಸಿಕ ಸ್ಥಳಗಳನ್ನು ರಕ್ಷಿಸುವ ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟ್ ಸ್ಥಾಪಿಸಿದ ಮೂವರಲ್ಲಿ ಒಬ್ಬರು. ಇವೆಲ್ಲವೂ ಹಿಂಕ್ಸಿಯ ಕೆಸರಿನಿಂದಲೇ ಹುಟ್ಟಿದವೆಂದು ಹೇಳುವುದು ಅತಿಶಯೋಕ್ತಿಯಾದೀತು. ಇನ್ನೊಂದು ಕಡೆ, ಮಿಲ್ನರ್ ದಕ್ಷಿಣ ಆಫ್ರಿಕದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಕಠಿಣ ಆಡಳಿತಗಾರರಾದರು ಎಂಬುದನ್ನೂ ಹೇಳದೆ ಬಿಡಬಾರದು. ಪೀಠಿಕಾ ಉಪನ್ಯಾಸದ ಆ ಇನ್ನೊಂದು ಭಾಗಕ್ಕೂ ಶಿಷ್ಯರು ಸಿಕ್ಕಿದ್ದರು. ಆದರೂ ನೂರಾರು ಕೇಳುಗರಿದ್ದ ಸಭಾಂಗಣಕ್ಕಿಂತ, ಉಪಾಹಾರದ ಮೇಜಿನ ಸುತ್ತ ಕೂತು ಆಮೇಲೆ ಒಟ್ಟಿಗೆ ಬೆವರು ಸುರಿಸಿದ ಆ ಸಣ್ಣ ಗುಂಪಿನಲ್ಲಿ ಉಪನ್ಯಾಸದ ವಿಚಾರ ಆಳವಾಗಿ ಇಳಿಯಿತೆಂದು ನನಗೆ ತೋರುತ್ತದೆ.

ನ್ಯಾಯಾಲಯ ಮತ್ತು ಪೀಠ

ಉಪನ್ಯಾಸಗಳ ಜೊತೆಗೆ ರಸ್ಕಿನ್ 1871ರಿಂದ ಕಾರ್ಮಿಕರನ್ನು ಉದ್ದೇಶಿಸಿ ಬಹಿರಂಗ ಪತ್ರಗಳನ್ನು ತಾವೇ ಅಚ್ಚುಹಾಕಿಸಿ ಮಾರುತ್ತಿದ್ದರು. 1877ರ ಅಂಥ ಒಂದು ಪತ್ರದಲ್ಲಿ, ಲಂಡನ್ನಿನ ಪ್ರದರ್ಶನವೊಂದರಲ್ಲಿ 200 ಗಿನ್ನಿ ಬೆಲೆ ಇಟ್ಟಿದ್ದ ವಿಸ್ಲರ್ ಅವರ ಚಿತ್ರವನ್ನು, ಜನರ ಮುಖಕ್ಕೆ ಬಣ್ಣದ ಕುಡಿಕೆಯನ್ನು ಎರಚಿದಂತಿದೆ ಎಂದು ಜರೆದರು. ರಾತ್ರಿಯ ಆಕಾಶದಲ್ಲಿ ಸಿಡಿದು ಬೀಳುವ ಬಾಣಬಿರುಸಿನ ಚಿತ್ರ ಅದು. ವಿಸ್ಲರ್ ಮಾನನಷ್ಟ ಮೊಕದ್ದಮೆ ಹೂಡಿದರು. 1878ರ ನವೆಂಬರ್‌ನಲ್ಲಿ ವಿಚಾರಣೆ ನಡೆದಾಗ ಅನಾರೋಗ್ಯದಿಂದಾಗಿ ರಸ್ಕಿನ್ ಹಾಜರಾಗಲಿಲ್ಲ. ತೀರ್ಪು ವಿಸ್ಲರ್ ಪರವಾಗಿ ಬಂದರೂ ಪರಿಹಾರವಾಗಿ ಸಿಕ್ಕಿದ್ದು ಒಂದು ಫಾರ್ದಿಂಗ್, ಅಂದರೆ ಒಂದು ಪೆನ್ನಿಯ ಕಾಲುಭಾಗ. ಕಲೆಯ ಬಗ್ಗೆ ತೀರ್ಪು ನೀಡುವ ಅಧಿಕಾರಕ್ಕೆ ಕಾನೂನು ದಂಡ ಹಾಕುವುದಾದರೆ ಅಂಥ ಪೀಠದಲ್ಲಿ ತಾವು ಕೂರಲಾರೆವೆಂದು ಹೇಳಿ ರಸ್ಕಿನ್ ರಾಜೀನಾಮೆ ಕೊಟ್ಟರು.

ಅವರ ಈ ವಾದವನ್ನು ನಾನು ಒಪ್ಪಲಾರೆ. ಆ ಮಾತು ಉಪನ್ಯಾಸದಲ್ಲಿ ಬಂದದ್ದಲ್ಲ. ಚಿತ್ರವನ್ನು ಎದುರಿಗಿಟ್ಟು, ಇಲ್ಲಿ ಈ ದೋಷವಿದೆಯೆಂದು ತೋರಿಸಿ ಹೇಳಿದ್ದೂ ಅಲ್ಲ. ಟರ್ನರ್ ಚಿತ್ರದ ಗಾಜಿನ ಮೇಲೆ ಅಷ್ಟು ತಾಳ್ಮೆಯಿಂದ ವಾದ ಮಂಡಿಸಿದ ವ್ಯಕ್ತಿ, ಅಚ್ಚಿನಲ್ಲಿ ಒಂದೇ ವಾಕ್ಯದಲ್ಲಿ ಇನ್ನೊಬ್ಬ ಕಲಾವಿದನನ್ನು ತಳ್ಳಿಹಾಕಿದರು. ಮಾಧ್ಯಮ ಬದಲಾದಾಗ ಅದೇ ಮನಸ್ಸಿನ ಶಿಸ್ತೂ ಬದಲಾಗುತ್ತದೆಂಬುದು ಈ ಪ್ರಕರಣದ ಕಹಿಯಾದ ಭಾಗ.

ಮರಳಿ ಬಂದ ಮೇಲೆ

ವಿಲಿಯಂ ರಿಚ್ಮಂಡ್ ಅವರ ಅವಧಿಯ ನಂತರ 1883ರಲ್ಲಿ ರಸ್ಕಿನ್ ಮತ್ತೆ ಪೀಠಕ್ಕೆ ಬಂದರು. ಜನಸಂದಣಿ ಮೊದಲಿಗಿಂತ ಹೆಚ್ಚಾಗಿತ್ತು. ಒಂದೇ ಉಪನ್ಯಾಸವನ್ನು ಎರಡು ಸಲ ಕೊಡಬೇಕಾಯಿತು.

ಆ ವರ್ಷದ ನವೆಂಬರ್‌ನಲ್ಲಿ ಆಕ್ಸ್‌ಫರ್ಡಿನದೇ ಆದ ಯೂನಿವರ್ಸಿಟಿ ಕಾಲೇಜಿನ ಸಭಾಂಗಣದಲ್ಲಿ ವಿದ್ಯಾರ್ಥಿ ಸಂಘವೊಂದು ಕವಿಯೂ ವಿನ್ಯಾಸಕಾರರೂ ಆದ ವಿಲಿಯಂ ಮಾರಿಸ್ ಅವರ ಉಪನ್ಯಾಸ ಏರ್ಪಡಿಸಿತು. ರಸ್ಕಿನ್ ಅಧ್ಯಕ್ಷತೆ ವಹಿಸಿದ್ದರು. ಕಲೆ ಮತ್ತು ಪ್ರಜಾಪ್ರಭುತ್ವವನ್ನು ಕುರಿತು ಮಾತನಾಡಿದ ಮಾರಿಸ್, ಕೆಲಸದಲ್ಲಿ ಆನಂದವಿಲ್ಲದ ಕಡೆ ಕಲೆ ಇರಲಾರದೆಂಬ ರಸ್ಕಿನ್ ಅವರದೇ ವಿಚಾರವನ್ನು ಅದರ ತಾರ್ಕಿಕ ಕೊನೆಗೆ ಒಯ್ದು, ತಾನು ಸಮಾಜವಾದಿಯೆಂದು ಘೋಷಿಸಿ, ಕೇಳುಗರನ್ನು ಆ ಚಳವಳಿಗೆ ಸೇರಿ, ಹಣ ಕೊಡಿ ಎಂದು ಆಹ್ವಾನಿಸಿದರು. ಕಾಲೇಜಿನ ಮುಖ್ಯಸ್ಥರು ಎದ್ದು, ಇಂಥ ಪ್ರಚಾರಕ್ಕೆ ಸಭಾಂಗಣ ಬಳಕೆಯಾಗುತ್ತದೆಂದು ತಿಳಿದಿರಲಿಲ್ಲವೆಂದು ಆಕ್ಷೇಪಿಸಿದರು. ಪತ್ರಿಕೆಗಳಲ್ಲಿ ಗದ್ದಲವಾಯಿತು. ಕಲೆಯಿಂದ ಸಮಾಜಕ್ಕೆ ಹೋಗುವ ದಾರಿಯ ಬಗ್ಗೆ ಎಷ್ಟು ಮಾತಾಡಿದರೂ ವಿಶ್ವವಿದ್ಯಾಲಯ ಸಹಿಸುತ್ತದೆ. ಕೇಳುಗರು ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ಯಾರಾದರೂ ಹೇಳಿದೊಡನೆ ಸಭಾಂಗಣದ ಮಾಲೀಕತ್ವದ ಪ್ರಶ್ನೆ ಏಳುತ್ತದೆ. ಹಿಂಕ್ಸಿಯಲ್ಲಿ ಬಂದ ನಗೆಗೂ ಇಲ್ಲಿ ಬಂದ ಆಕ್ಷೇಪಣೆಗೂ ಬೇರು ಒಂದೇ.

1885ರ ಮಾರ್ಚ್‌ನಲ್ಲಿ, ಜೀವಂತ ಪ್ರಾಣಿಗಳ ಮೇಲಿನ ಪ್ರಯೋಗಗಳಿಗೆ ಅವಕಾಶವಿರುವ ಶರೀರಶಾಸ್ತ್ರ ಪ್ರಯೋಗಾಲಯಕ್ಕೆ ವಿಶ್ವವಿದ್ಯಾಲಯ ಹಣ ಮಂಜೂರು ಮಾಡಿದ್ದನ್ನು ವಿರೋಧಿಸಿ ರಸ್ಕಿನ್ ಎರಡನೆಯ ಬಾರಿ, ಕೊನೆಯದಾಗಿ, ರಾಜೀನಾಮೆ ಕೊಟ್ಟರು. ಅವರ ಆರೋಗ್ಯವೂ ಕುಸಿದಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ವಿಸ್ಲರ್ ಲಂಡನ್ನಿನಲ್ಲಿ ಒಂದು ಸಾರ್ವಜನಿಕ ಉಪನ್ಯಾಸ ಕೊಟ್ಟು, ಕಲೆಗೂ ಸಮಾಜದ ಸದ್ಗುಣಕ್ಕೂ ಸಂಬಂಧವಿಲ್ಲ, ಕಲಾಪ್ರೇಮಿ ರಾಷ್ಟ್ರವೆಂಬುದು ಎಂದೂ ಇರಲಿಲ್ಲ ಎಂದು ವಾದಿಸಿದ್ದರು. ಅದೇ ಉಪನ್ಯಾಸವನ್ನು ಆ ವರ್ಷ ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್‌ಗಳಲ್ಲೂ ಕೊಟ್ಟರು. ರಸ್ಕಿನ್ ಅವರ ಮೂಲ ಪ್ರತಿಪಾದನೆಗೆ ನೇರವಾದ ಉತ್ತರವೊಂದು ಆಕ್ಸ್‌ಫರ್ಡಿನಲ್ಲಿ ಕೇಳಿಬಂದಾಗ ಅದನ್ನು ಎದುರಿಸಲು ಅವರು ಪೀಠದಲ್ಲಿರಲಿಲ್ಲ. ಇಬ್ಬರೂ ಒಂದೇ ವೇದಿಕೆಯಲ್ಲಿ, ಒಂದೇ ಚಿತ್ರವನ್ನು ನಡುವೆ ಇಟ್ಟುಕೊಂಡು ಮಾತನಾಡುವ ಏರ್ಪಾಡನ್ನು ಯಾರಾದರೂ ಮಾಡಿದ್ದರೆ, ನ್ಯಾಯಾಲಯದ ಆ ಫಾರ್ದಿಂಗ್‌ಗಿಂತ ಎಷ್ಟೋ ಬೆಲೆಯುಳ್ಳದ್ದು ಇಂಗ್ಲೆಂಡಿನ ಕಲಾಪ್ರಪಂಚಕ್ಕೆ ದಕ್ಕುತ್ತಿತ್ತು.

ಸ್ಲೇಡ್ ಪೀಠ ಇಂದಿಗೂ ಇದೆ. ಪ್ರತಿವರ್ಷ ಹೊರಗಿನ ಒಬ್ಬ ವಿದ್ವಾಂಸರನ್ನು ಆಹ್ವಾನಿಸಿ ಸಾರ್ವಜನಿಕರಿಗೂ ತೆರೆದ ಉಪನ್ಯಾಸಮಾಲೆ ನಡೆಸಲಾಗುತ್ತದೆ. 1940ರ ದಶಕದಲ್ಲಿ ಅದೇ ಪೀಠದಲ್ಲಿದ್ದ ಕೆನೆತ್ ಕ್ಲಾರ್ಕ್ 1969ರಲ್ಲಿ ಕಲೆಯ ಇತಿಹಾಸವನ್ನು ಬಿಬಿಸಿ ದೂರದರ್ಶನಕ್ಕೆ ಕೊಂಡೊಯ್ದು, ಷೆಲ್ಡೋನಿಯನ್ ಎಷ್ಟು ಸಲ ತುಂಬಿದರೂ ಸಾಲದಷ್ಟು ನೋಡುಗರನ್ನು ಪಡೆದರು. ರಸ್ಕಿನ್ ಸ್ಥಾಪಿಸಿದ ಚಿತ್ರಶಾಲೆ ಈಗ ಪದವಿ ಕೊಡುವ ಪೂರ್ಣ ಕಲಾವಿಭಾಗವಾಗಿ ಬೆಳೆದಿದೆ. ಪರೀಕ್ಷೆಯಲ್ಲಿ ಬೆಲೆ ಸಿಕ್ಕಿದ ಮೇಲೆ ವಿದ್ಯಾರ್ಥಿಗಳೂ ಬಂದರು. ರಸ್ಕಿನ್ ಜೋಡಿಸಿದ ಚೌಕಟ್ಟುಗಳು ಆಶ್ಮೋಲಿಯನ್ನಿನಲ್ಲಿವೆ, ಅಂತರ್ಜಾಲದಲ್ಲೂ ಯಾರು ಬೇಕಾದರೂ ನೋಡಬಹುದು. ಆದರೆ ಉಪನ್ಯಾಸ ಪೀಠವೂ ಚಿತ್ರಶಾಲೆಯೂ ಈಗ ಬೇರೆ ಬೇರೆ ವಿಭಾಗಗಳ ಆಡಳಿತಕ್ಕೆ ಸೇರಿವೆ, ಮತ್ತು ಉಪನ್ಯಾಸ ಕೇಳಿ ಹೊರಬಂದವರ ಕೈಗೆ ಪೆನ್ಸಿಲ್ ಕೊಡುವುದು ಎರಡರಲ್ಲಿ ಯಾರ ಹೊಣೆಯೂ ಅಲ್ಲ.